ಕಾಗವಾಡದಲ್ಲಿ ಬಾಳು ತಿನ್ನದ ಸಕ್ಕರೆ

ಕಾಗವಾಡದಲ್ಲಿ ಹೆಣ್ಣಿನ ಮನೆಯ ಪಡಸಾಲೆಯಲ್ಲಿ, ಒಳಬಾಗಿಲಿನಿಂದ ಎರಡನೆಯ ಕಂಬಕ್ಕೆ ಬೆನ್ನು ಹಚ್ಚಿಕೊಂಡು ನಾನು ನಿಂತಿದ್ದೆ. ತೊಂಬತ್ತೆರಡನೆಯ ಇಸವಿಯ ಫೆಬ್ರುವರಿ, ಗುರುವಾರ, ಬೆಳಿಗ್ಗೆ ಹನ್ನೊಂದೂಕಾಲು. ಗಡಿಯಾರ ಎದುರಿನ ಗೋಡೆಯ ಮೇಲೇ ಇತ್ತು, ಆದ್ದರಿಂದ ಹೊತ್ತಿನ ವಿಷಯದಲ್ಲಿ ನನಗೆ ಅನುಮಾನವಿಲ್ಲ. ನನ್ನಿಂದ ವರ ಕೂತ ಮಣೆಗೆ ಐದು ಹೆಜ್ಜೆ. ಅಷ್ಟು ಹತ್ತಿರ ನಿಂತು ನಾನು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿದೆ. ಒಂದು ಸಂಬಂಧ ಮುರಿಯಲು ಅಷ್ಟೇ ಸಾಕಾಗಿತ್ತು.

ವರ ಎಂದರೆ ಬಾಳಾಸಾಬ, ಉಗಾರ ಬುದ್ರುಕದ ಕಬ್ಬಿನ ಹೊಲದ ಮನೆತನದವನು, ನಮಗೆಲ್ಲ ಬಾಳು. ನಾನು ಆ ಊರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವನಿಗೆ ದೇಹದಾರ್ಢ್ಯದ ಹುಚ್ಚು, ನನಗೆ ಆ ಹುಚ್ಚನ್ನು ಒಂದು ವಹಿಯಲ್ಲಿ ಬರೆದಿಡುವ ಹುಚ್ಚು. ಮಿರಜ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಕೊಂಡ ಹಳೆಯ ಇಂಗ್ಲಿಷ್ ಮಾಸಿಕವೊಂದನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿ, ಅರ್ಧ ಅರ್ಥವಾದದ್ದನ್ನು ಪೂರ್ತಿ ಅರ್ಥವಾದವನಂತೆ ಅವನಿಗೆ ಹೇಳಿದ್ದೆ. ಶರ್ಕರಪಿಷ್ಟ ಕಡಿಮೆ ಮಾಡು, ಸಸಾರಜನಕ ಹೆಚ್ಚು ಮಾಡು. ಕೊಬ್ಬು ಕರಗುತ್ತದೆ, ಸ್ನಾಯು ಬೆಳೆಯುತ್ತದೆ. ಎಂಟನೆಯ ಇಯತ್ತೆಯ ಪಾಠಕ್ಕೆ ಇಷ್ಟು ದೂರ ನಡೆಯುವ ಕಾಲಿದೆ ಎಂದು ನನಗೂ ಗೊತ್ತಿರಲಿಲ್ಲ.

ನಾನೂ ಆ ಪಥ್ಯ ಹಿಡಿದವನೇ. ಸೋಮವಾರ ಹಿಡಿದೆ. ಗುರುವಾರ ಹೆಂಡತಿ ಶೇಂಗಾ ಹೋಳಿಗೆ ಮಾಡಿದಳು. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಆದರೆ ತಾನು ಪಾಲಿಸಲಾಗದ ನಿಯಮವನ್ನು ಇನ್ನೊಬ್ಬನಿಗೆ ಹಾಕಿಕೊಡುವುದರಲ್ಲಿ ಮಾಸ್ತರನಾದವನಿಗೆ ಒಂದು ವಿಶೇಷ ಸುಖವಿದೆ. ನಿಪ್ಪಾಣಿಯಲ್ಲಿ ನಡೆಯಲಿದ್ದ ದೇಹದಾರ್ಢ್ಯ ಸ್ಪರ್ಧೆಗೆ ಮೊದಲಿನ ಇಪ್ಪತ್ತೊಂದು ದಿನ ಸಕ್ಕರೆ, ಬೆಲ್ಲ, ಅನ್ನ ನಾಲಿಗೆಗೂ ಸೋಕಬಾರದು ಎಂದು ಬರೆದುಕೊಟ್ಟೆ. ಇಪ್ಪತ್ತೊಂದು ಎಂಬ ಸಂಖ್ಯೆ ಮಾಸಿಕದಲ್ಲಿರಲಿಲ್ಲ. ನನಗೇ ಹೊಳೆದದ್ದು. ಬಾಳು ಅದನ್ನು ಅಕ್ಷರಶಃ ನಡೆಸಿದ.

ಇದು ಎಂಥ ಊರಿನಲ್ಲಿ ಎಂದು ಯೋಚಿಸಿ. ಕಾರ್ಖಾನೆ ಕಬ್ಬು ನುರಿಸಲು ಸುರು ಮಾಡಿದರೆ ಅಲ್ಲಿ ಗಾಳಿಯೇ ಸಿಹಿ. ಯಾರ ಮನೆಗೆ ಹೋದರೂ ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿದ ಚಹಾ. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಇನ್ನು ಗಟ್ಟಿ ದೇಹ ಎಂದರೆ ನಮ್ಮ ಕಡೆ ಪೈಲವಾನನ ದೇಹ. ಹಾಲು, ತುಪ್ಪ, ಬದಾಮಿ, ಎಣಿಸದೆ ತಿಂದ ರೊಟ್ಟಿ. ಮೈ ತುಂಬಿದ ಚೀಲದಂತಿರಬೇಕು. ಬಾಳುವಿನ ಹೊಟ್ಟೆಯ ಮೇಲೆ ಮೂಡಿದ ಆರು ಗಂಟುಗಳನ್ನು ನೋಡಿದ ಕುಸ್ತಿ ಕಲಿಸುವ ತಾಲೀಮಿನ ವಸ್ತಾದರು, ಸುಲಿದ ಹೋತಿನಂತಾಗಿದ್ದಾನೆ ಹುಡುಗ ಎಂದು ಮರುಗಿದ್ದರು. ನಮ್ಮ ಮಟ್ಟಿಗೆ ಅದು ಜಯ. ಕಾಣುವವರ ಮಟ್ಟಿಗೆ ಅದು ಕಾಯಿಲೆ.

ನಮ್ಮ ಗಡಿಭಾಗದಲ್ಲಿ ನಿಶ್ಚಯಕ್ಕೆ ಸಾಖರಪುಡಾ, ಅಂದರೆ ಸಕ್ಕರೆಯ ಪೊಟ್ಟಣ, ಎನ್ನುತ್ತಾರೆ. ಆ ಮನೆಯ ಪದ್ಧತಿಯಂತೆ ಹುಡುಗಿಯ ಸೋದರಮಾವ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಸಕ್ಕರೆಯನ್ನು ವರನ ಬಾಯಿಗೆ ಹಾಕಬೇಕು. ಅಲ್ಲಿಗೆ ಮಾತು ಗಟ್ಟಿಯಾದಂತೆ. ನಿಪ್ಪಾಣಿಯ ಸ್ಪರ್ಧೆಗೆ ಇನ್ನು ಹತ್ತೊಂಬತ್ತು ದಿನ ಉಳಿದಿತ್ತು. ಸೋದರಮಾವ ಆದಗೌಡರು, ದ್ರಾಕ್ಷಿ ತೋಟದ ದೊಡ್ಡ ಕುಳ, ಸಕ್ಕರೆ ಹಿಡಿದು ಬಗ್ಗಿದರು. ಬಾಳು ಬಾಯಿ ತೆರೆಯದೆ ನನ್ನ ಕಡೆ ನೋಡಿದ. ಆಗಲೇ ನಾನು ತಲೆ ಆಡಿಸಿದ್ದು. ಒಂದು ಚಿಟಿಕೆ ಸಕ್ಕರೆಯಿಂದ ಕೂದಲೆಳೆಯಷ್ಟೂ ಕೊಬ್ಬು ಬೆಳೆಯುವುದಿಲ್ಲ. ವಿಜ್ಞಾನದ ಮಾಸ್ತರನಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಾಳು ಗೌಡರ ಕೈಯನ್ನು ಮೆಲ್ಲಗೆ ಹಿಡಿದು, ಈಗ ಬೇಡ ಎಂದ.

ಗೌಡರು ನೆಟ್ಟಗೆ ನಿಂತರು. "ನಮ್ಮ ಸಕ್ಕರಿ ಬ್ಯಾಡಂದ್ರ ನಮ್ಮ ಹುಡುಗಿ ಬ್ಯಾಡಂದಂಗ ಆತಲ್ರಿ" ಎಂದರು, ಬಾಳುವಿನ ಅಪ್ಪನಿಗೆ. ಅಷ್ಟರಲ್ಲಿ ಗೋಡೆಗೆ ಒರಗಿದ್ದ ಹುಡುಗಿಯ ಅಜ್ಜಿ, ಅಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು, ತಮಗೆ ತಿಳಿದದ್ದನ್ನು ಹೇಳಿದರು.

"ಗಲ್ಲ ಒಳಗ ಹೋಗ್ಯಾವ, ನರಾ ಮ್ಯಾಲ ಬಂದಾವ, ಸಕ್ಕರಿ ಮುಟ್ಟೂದಿಲ್ಲ. ಹುಡುಗಗ ಸಕ್ಕರಿ ಬ್ಯಾನಿ ಐತಿ. ಮುಚ್ಚಿಟ್ಟ ಲಗ್ನಾ ಮಾಡಾಕತ್ತಾರ."

ಗೌಡರು ನನ್ನ ಕಡೆ ತಿರುಗಿ, ನೀವು ಮಾಸ್ತರರು, ಖರೆ ಏನು ಎಂದು ನೀವೇ ಹೇಳಬೇಕು ಎಂದರು. ವಹಿ ನನ್ನ ಚೀಲದಲ್ಲಿತ್ತು. ಇದು ಬೇನೆಯಲ್ಲ, ನೇಮ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ. ತೆಗೆದು ಹಿಂದಿನ ದಿನದ ಪುಟ ಓದತೊಡಗಿದೆ. ಮುಂಜಾನೆ ಮೊಳಕೆ ಬಂದ ಮಡಿಕೆ ಕಾಳು ಒಂದು ಬಟ್ಟಲು. ಕೆನೆ ತೆಗೆದ ಮೊಸರು ಎರಡು ಬಟ್ಟಲು. ಮಧ್ಯಾಹ್ನ ರೊಟ್ಟಿ ಒಂದೇ, ಸೊಪ್ಪಿನ ಪಲ್ಯ ಬೇಕಾದಷ್ಟು. ನಾಲ್ಕನೆಯ ಸಾಲಿಗೆ ಬಂದು ನನ್ನ ನಾಲಿಗೆ ನಿಂತಿತು. ಎರಡೂ ಮನೆತನದವರು ಕೋಳಿಯ ತತ್ತಿ ಮುಟ್ಟದವರು. ತತ್ತಿ ಎಂಬ ಮಾತು ಸಹ ಅವರ ಅಡಿಗೆಮನೆಯಲ್ಲಿ ಬರುತ್ತಿರಲಿಲ್ಲ. ಆ ಸಾಲು ಬಿಟ್ಟು ಐದನೆಯದಕ್ಕೆ ಹಾರಬಹುದಿತ್ತು. ನಾನು ಹಾರಲು ಸಿದ್ಧನಾಗಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

"ಬಿಡಬ್ಯಾಡ್ರಿ ಮಾಸ್ತರ," ಎಂದ ಬಾಳು. "ಇದ್ದದ್ದ ಇದ್ದಂಗ ಓದ್ರಿ."

ಓದಿದೆ. ತತ್ತಿಯ ಬಿಳಿ ಭಾಗ, ಹನ್ನೆರಡು.

ಬಾಳುವಿನ ಅಪ್ಪ ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರಿಗೂ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಬಾಳು ಮಣೆಯಿಂದ ಎದ್ದ. ಮೊದಲು ಅಪ್ಪನಿಗೆ, ಆಮೇಲೆ ಗೌಡರಿಗೆ ಕೈಮುಗಿದ.

"ನಾ ತಿಂದೀನ್ರಿ. ಮನ್ಯಾಗಲ್ಲ, ಹೊಲದಾಗ ಪಂಪಿನ ಖೋಲ್ಯಾಗ ಕುದಿಸಿ ತಿಂದೀನಿ. ಲಗ್ನಾ ಆದಮ್ಯಾಲ ಗೊತ್ತಾಗೂದಕಿಂತ ಈಗ ಗೊತ್ತಾಗೂದ ಚಲೋ."

ಬಾಳು ಭಾರ ಎತ್ತುವುದನ್ನು ನಾನು ಮೂರು ವರ್ಷ ನೋಡಿದ್ದೆ. ಅಷ್ಟು ಭಾರವನ್ನು ಅಷ್ಟು ಮೆಲ್ಲಗೆ ಎತ್ತಿದ್ದನ್ನು ಅಲ್ಲೇ ಮೊದಲು ನೋಡಿದ್ದು. ಕಂಬಕ್ಕೆ ಆನಿಕೊಂಡೇ ನನ್ನ ಎದೆ ಎರಡಿಂಚು ಮುಂದೆ ಬಂದಿತ್ತು.

ಮೊದಲು ಮಾತಾಡಿದ್ದು ಆಯಿ. ಬಿಳಿಯದನ್ನಷ್ಟೇ ತಿಂದರೆ ಒಳಗಿನ ಹಳದಿಯದನ್ನು ಏನು ಮಾಡುತ್ತೀಯ ಎಂದು ಕೇಳಿದರು. ನಾಯಿಗೆ ಹಾಕುತ್ತೇನೆ ಎಂದ ಬಾಳು. ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರ ನಾಯಿ ಮೈ ತುಂಬಿಕೊಂಡಿರಬೇಕು. ಅದನ್ನರ ಕರಕೊಂಡ ಬರಬಾರ್ದೇನ, ನೋಡಾಕ ನೆಟ್ಟಗ ಇರ್ತಿತ್ತು." ಯಾರೋ ಹಿಂದೆ ಫಕ್ಕನೆ ನಕ್ಕರು. ಗೌಡರು ಮಾತ್ರ ನಗಲಿಲ್ಲ. ಪೊಟ್ಟಣವನ್ನು ಮತ್ತೆ ಕಟ್ಟತೊಡಗಿದರು. ಕಟ್ಟಿ ಕಿಸೆಗೆ ಹಾಕಿದರೆ ಎಲ್ಲ ಮುಗಿದಂತೆ.

ಆಗ ಒಳಬಾಗಿಲಲ್ಲಿ ಮದುವೆಯ ಹುಡುಗಿ ಸುನಂದಾ ಬಂದು ನಿಂತಳು, ಹಸಿರು ಸೀರೆಯಲ್ಲಿ. ನಿಶ್ಚಯದ ದಿನ ಹುಡುಗಿ ಸಭೆಯಲ್ಲಿ ಬಾಯಿ ಬಿಡುವ ರೂಢಿ ಇರಲಿಲ್ಲ. ಅವಳು ನೇರ ಬಾಳುವನ್ನೇ ಕೇಳಿದಳು.

"ಬ್ಯಾಡಾಗಿದ್ದು ಸಕ್ಕರಿ ಅಷ್ಟ ಏನ್ರಿ, ನಾನೂ ಏನ್ರಿ?"

"ಸಕ್ಕರಿ ಅಷ್ಟರಿ," ಎಂದ ಬಾಳು. "ಅದೂ ಹತ್ತೊಂಬತ್ತ ದಿವಸ."

ಅವಳು ಮಾವನ ಕೈಯಿಂದ ಪೊಟ್ಟಣ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. "ಹತ್ತೊಂಬತ್ತ ದಿವಸ ಇದು ನನ್ನ ಕಡೆ ಇರ್ಲಿ, ಮಾವಾ. ತತ್ತಿ ಮಾತ ಆಮ್ಯಾಲ ನಾ ನೋಡ್ಕೋತೀನಿ."

ಗೌಡರು ಅವಳನ್ನು ನೋಡಿದರು, ಬಾಳುವನ್ನು ನೋಡಿದರು. ಬೆರಳಿಗೆ ಅಂಟಿ ಉಳಿದಿದ್ದ ಸಕ್ಕರೆಯನ್ನು ತಾವೇ ಬಾಯಿಗೆ ಹಾಕಿಕೊಂಡು, ಊಟಕ್ಕೆ ಎಲೆ ಹಾಕಲು ಹೇಳಿದರು.

ನಿಪ್ಪಾಣಿಯಲ್ಲಿ ಬಾಳುವಿಗೆ ಎರಡನೆಯ ಸ್ಥಾನ ಬಂತು. ಮೊದಲನೆಯದು ರಾಯಬಾಗದ ಕಡೆಯ ಹುಡುಗನಿಗೆ ಹೋಯಿತು. ಅವನ ಬೆನ್ನು ನಿಜವಾಗಿಯೂ ಇವನದಕ್ಕಿಂತ ಅಗಲವಿತ್ತು, ಅದರಲ್ಲಿ ಮುಚ್ಚುಮರೆ ಏನು. ಎದುರಿನ ಸಾಲಿನಲ್ಲಿ ಬಾಳುವಿನ ಅಪ್ಪ ಟೊಪ್ಪಿಗೆ ಹಾಕಿಕೊಂಡು ಕೂತಿದ್ದರು. ಪಕ್ಕದವರು ಕೇಳದಿದ್ದರೂ, ಎಡದಿಂದ ಮೂರನೆಯವನು ನನ್ನ ಮಗ ಎಂದು ಎರಡು ಸಲ ಹೇಳಿದರು. ಸುನಂದಾ ಮತ್ತು ಗೌಡರು ಬಂದಿದ್ದರು. ಸ್ಪರ್ಧೆ ಮುಗಿದ ಮೇಲೆ ವೇದಿಕೆಯ ಹಿಂದೆ, ಮೈಗೆಲ್ಲ ಎಣ್ಣೆ ಹಚ್ಚಿಕೊಂಡಿದ್ದ ವರನಿಗೆ ಗೌಡರು ಅದೇ ಪೊಟ್ಟಣದ ಸಕ್ಕರೆ ತಿನ್ನಿಸಿದರು. ಅಷ್ಟು ದಿನದಲ್ಲಿ ಅದು ಗಟ್ಟಿ ಗಂಟಾಗಿತ್ತು. ಬಾಳು ಕಟಕಟ ಅಗಿದ. ಮದುವೆಯ ನಂತರವೂ ತತ್ತಿ ಪಂಪಿನ ಖೋಲಿ ದಾಟಿ ಮನೆಗೆ ಬರಲಿಲ್ಲ. ಸುನಂದಾ ಅಲ್ಲಿಗೆ ಉಪ್ಪು, ಮೆಣಸಿನ ಪುಡಿ ಕಳಿಸುತ್ತಿದ್ದಳು. ಅಷ್ಟರಮಟ್ಟಿಗೆ ನೋಡಿಕೊಂಡಳು.

ಆಯಿ ಹೋದರು, ಬಾಳುವಿನ ಅಪ್ಪ ಹೋದರು. ನಾನಲ್ಲದೆ ಆ ಪಡಸಾಲೆಯಲ್ಲಿ ಇದನ್ನು ಕಣ್ಣಾರೆ ಕಂಡವರಲ್ಲಿ ಈಗ ಕೇಳಲು ಸಿಗುವವರು ಮೂವರು: ಬಾಳಾಸಾಬ, ಸುನಂದಾ, ಆದಗೌಡರು. ಕೇಳಿ ನೋಡಿ. ಬಾಳು ನಕ್ಕು, ಮಾಸ್ತರರ ವಹಿ ನೋಡಿ ಎನ್ನುತ್ತಾನೆ. ಗೌಡರು ಮನೆತನದ ಮರ್ಯಾದೆ ನೋಡಿಕೊಂಡು, ತತ್ತಿ ನಾಲ್ಕೇ ಇದ್ದವು ಎನ್ನುತ್ತಾರೆ. ಸುನಂದಾ ಗಂಡನ ಮೇಲಿನ ಅಭಿಮಾನದಿಂದ ಇಪ್ಪತ್ತು ಎನ್ನುತ್ತಾಳೆ.