ಮೂತಿ ಎತ್ತಿದ ಟ್ರಾಕ್ಟರ್

ಅಟ್ಟೂರಿನ ಚಿಕ್ಕಬೈರಪ್ಪನವರದು ಒಂದೇ ಹಟ: ತಮ್ಮ ಮನೆಯಿಂದ ಯಾವ ಗಾಡಿಯೂ ಹಿಂದುಮುಂದಾಗಿ ಹೊರಡಕೂಡದು, ಅಪಶಕುನ. ನೆಂಟರ ಸ್ಕೂಟರನ್ನೂ ಅಂಗಳದಲ್ಲೇ ತಿರುಗಿಸಿ, ರಸ್ತೆಗೆ ಮುಖ ಮಾಡಿಸಿಯೇ ಕಳಿಸುತ್ತಿದ್ದರು. ಹೊಲವೆಲ್ಲ ಲೇಔಟಾಗಿ ಕೆಲಸವಿಲ್ಲದೆ ನಿಂತಿದ್ದ ಟ್ರಾಕ್ಟರನ್ನು ಗೌರಿಬಿದನೂರಿನ ಮಗಳ ಮನೆಗೆ ಸಾಗಿಸುವ ದಿನ ಆ ಹಟ ಇನ್ನೂ ಜಾಸ್ತಿಯಾಗಿತ್ತು.

"ಏರು ಭಾಳ ಐತ್ರಿ ಯಜಮಾನ್ರ, ರಿವರ್ಸ್‌ನಾಗ ಹತ್ತಸ್ರಿ. ಮುಂದ ಹೋದ್ರ ಮೂತಿ ಎತ್ತತೈತಿ," ಎಂದ, ಟ್ರಾಕ್ಟರ್ ಹೊತ್ತೊಯ್ಯಲು ಟ್ರೇಲರ್ ಲಾರಿ ತಂದಿದ್ದ ಶರಣು.

"ಇದುನ್ನ ತಂದಾಗ್ಲಿಂದ ನಾನೇ ಓಡಿಸ್ತಾ ಇವ್ನಿ. ನೀನೇನಪ್ಪ ನಂಗೇಳೋದು?"

ಹಾರ ಹಾಕಿದ್ದ ಬಾನೆಟ್ಟನ್ನು ಮುಂದು ಮಾಡಿ, ಟ್ರೇಲರಿನಿಂದ ನೆಲಕ್ಕೆ ಇಳಿಬಿಟ್ಟಿದ್ದ ಕಬ್ಬಿಣದ ಹಲಗೆಗಳ ಮೇಲೆ ಹತ್ತಿಸಿದರು. ದೊಡ್ಡ ಹಿಂಚಕ್ರಗಳು ಹಲಗೆಯನ್ನು ಕಚ್ಚಿದ್ದೇ ತಡ, ಮುಂಚಕ್ರಗಳೆರಡೂ ಗಾಳಿಗೆದ್ದವು. ಹಾರದಾಚೆ ಟ್ರೇಲರ್ ಕಾಣಲಿಲ್ಲ, ಬರೀ ಆಕಾಶ. ಇನ್ನೊಂದು ಚೂರು ಎದ್ದರೆ ಟ್ರಾಕ್ಟರ್ ಅವರ ಎದೆಯ ಮೇಲೇ ಮಗುಚುತ್ತಿತ್ತು. ಕಾಲು ತಾನಾಗಿಯೇ ಕ್ಲಚ್ ತುಳಿಯಿತು. ಚಕ್ರಗಳು ಧಡಾರನೆ ಹಲಗೆಗೆ ಬಿದ್ದವು. ಗಾಡಿ ಹಿಂದಕ್ಕೆ ಉರುಳಿ ನೆಲ ಮುಟ್ಟಿದ ಮೇಲೆ ಬ್ರೇಕ್ ಹಿಡಿಯಿತು.

ಶರಣು ಹಲಗೆಯ ಪಕ್ಕ ಬಾಯಿ ತೆರೆದು ನಿಂತಿದ್ದ. ಚಿಕ್ಕಬೈರಪ್ಪನವರ ಕೈ ಸ್ಟೇರಿಂಗ್ ಬಿಡಲೊಲ್ಲದು.

ಹೆಂಡತಿ ಮರಿಯಮ್ಮ ಜಗಲಿಯಿಂದಿಳಿದು ಬಂದರು. ಗಂಡನ ಮುಖವನ್ನೂ ನೋಡದೆ ಬಾನೆಟ್ಟಿನ ಹಾರ ಬಿಚ್ಚಿದರು. ಗಾಡಿಯನ್ನು ಸುತ್ತು ಹಾಕಿ ಹೋಗಿ, ಟ್ರಾಕ್ಟರಿನ ಹಿಂಬದಿಯ ಕೊಕ್ಕೆಗೆ ಅದನ್ನು ಕಟ್ಟಿ, ಕುಂಕುಮವನ್ನೂ ಅಲ್ಲೇ ಇಟ್ಟರು.

"ಇವತ್ತಿಗೆ ಇದೇ ಮುಂದ್ಗಡೆ. ಅತ್ಸಿ."

ಚಿಕ್ಕಬೈರಪ್ಪನವರು ಟ್ರಾಕ್ಟರನ್ನು ತಿರುಗಿಸಿ, ಹಾರದ ಕೊಕ್ಕೆಯನ್ನು ಹಲಗೆಗಳ ಕಡೆ ಮಾಡಿ, ರಿವರ್ಸ್ ಗೇರ್ ಹಾಕಿದರು.