ಕೂಗಳತೆಯಲ್ಲಿ ಒಂದು ಟೆಂಟು

ಹೋದ ಶನಿವಾರ ನನ್ನ ಕೈಗೆ ಬಂದ ಚೀಲವನ್ನು ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಅದರ ಹಿಂದೆ ಸೌದೆಯ ಹೊಗೆ, ಆಮೇಲೆ ಹೊಗೆಸೊಪ್ಪು. ಒಳಗಿದ್ದದ್ದು ಒಂದು ಹಸಿರು ಟಾರ್ಪಾಲು. ಎರಡು ವರ್ಷ ಎದುರು ಮನೆಯ ಸ್ಟೋರ್ ರೂಮಿನಲ್ಲಿ ಬಿದ್ದಿತ್ತು. ಒದ್ದೆಯಿದ್ದಾಗಲೇ ಮಡಚಿ ಅಲ್ಲಿ ತುರುಕಿದವಳು ನಾನೇ. ಅದರ ಒಡತಿ ನೋಡಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಒಡತಿ ಎಂದರೆ ಎದುರು ಮನೆಯ ಆಪಾ. ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ಈ ಕಾಂಡೋದ ಹನ್ನೊಂದನೇ ಮಹಡಿಯಲ್ಲಿ ನಮ್ಮಿಬ್ಬರ ಬಾಗಿಲುಗಳು ಎದುರುಬದುರು. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಒಂದು ದಿನ ಲಿಫ್ಟಿನಲ್ಲಿ ಮೈಸೂರಿನ ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಇಳಿಯುವಾಗ, "ಅವ್ವನ ಜೋಡಿ ಹಂಗ ಮಾತಾಡಬಾರದವಾ" ಎಂದರು. ಹುಬ್ಬಳ್ಳಿಯವರು. ಅವತ್ತಿನಿಂದ ಅವರು ನನಗೆ ಆಪಾ, ನಾನು ಅವರಿಗೆ ತಂಗಿ.

ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ದೂರದ ನಿಲಾಯ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಆಪಾ ಚಿಪ್ ಫ್ಯಾಕ್ಟರಿಯೊಂದರಲ್ಲಿ ತಪಾಸಣೆಯ ವಿಭಾಗದಲ್ಲಿದ್ದರು. ದಿನವಿಡೀ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಕೂದಲೆಳೆಗಿಂತ ಸಣ್ಣ ಗೀರು ಹುಡುಕುವ ಕೆಲಸ. ರಜೆ ಬಂತೆಂದರೆ ಸೇತುವೆ ದಾಟಿ ಪೆರಾಕ್ ಕಡೆಯ ಬೆಟ್ಟದ ಕಾಡಿಗೆ ಹೋಗಿಬಿಡುತ್ತಿದ್ದರು. ಟಾಯ್ಲೆಟ್ಟು, ಕರೆಂಟು, ಕಾರು ನಿಲ್ಲಿಸುವ ಜಾಗ ಎಲ್ಲ ಇರುವ ಕ್ಯಾಂಪುಗಳೆಂದರೆ ಅವರಿಗೆ ಆಗದು. "ಒಂದು ಕಡೆ ಕರಾವೋಕೆ, ಒಂದು ಕಡೆ ಬಾರ್ಬೆಕ್ಯೂ. ಅದು ಕಾಡಲ್ಲ, ಮದುವಿ ಮನಿ" ಎನ್ನುತ್ತಿದ್ದರು. ಗುರುತು ಮಾಡಿದ ಜಾಗವೇ ಇಲ್ಲದ ಕಡೆ, ಮರಗಳ ನಡುವೆ ನೆಲ ನೋಡಿ ಟೆಂಟು ಹಾಕಬೇಕು. ಮರುದಿನ ಅಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗೆ ಎದ್ದು ಬರಬೇಕು. ನನ್ನನ್ನು ಅದಕ್ಕೆ ಎಳೆದದ್ದು ಅವರೇ. ಬೆಂಗಳೂರಿನ ಆಫೀಸಿನ ಔಟಿಂಗ್ ಬಿಟ್ಟರೆ ಬಯಲಲ್ಲಿ ಮಲಗಿ ಗೊತ್ತಿಲ್ಲದವಳು ನಾನು.

ದಾರಿ ತೋರಿಸಲು ಬೆಟ್ಟದ ಬುಡದ ಹಳ್ಳಿಯ ಒಬ್ಬರು ಮುದುಕರಿದ್ದರು. ಇಲ್ಲಿನ ರೂಢಿಯಂತೆ ನಾವು ಅವರನ್ನು ಪಾಕ್ ಚಿಕ್ ಎನ್ನುತ್ತಿದ್ದೆವು, ಚಿಕ್ಕಪ್ಪ ಅಂದ ಹಾಗೆ. ಅವರು ತೊರೆಯ ಬದಿಯಲ್ಲಿ ಹ್ಯಾಮಕ್ ಕಟ್ಟಿಕೊಂಡು ಮಲಗುತ್ತಿದ್ದರು. ಮೇಲೆ ನಾವಿಬ್ಬರು, ಇಂಬಳ ಹತ್ತದಿರಲೆಂದು ಕಾಲುಚೀಲಕ್ಕೆಲ್ಲ ಹೊಗೆಸೊಪ್ಪಿನ ನೀರು ಬಳಿದುಕೊಂಡು...

ಅರಣ್ಯ ಇಲಾಖೆಯ ಪರವಾನಗಿಯಲ್ಲಿ ನಮ್ಮ ಹೆಸರುಗಳನ್ನು ದಪ್ಪಕ್ಷರದಲ್ಲಿ ಬರೆದುಕೊಡಬೇಕಿತ್ತು. ಕಾಡಿನೊಳಗೆ ಕಾಲಿಟ್ಟ ಮೇಲೆ ಆ ಹೆಸರುಗಳಿಗೆ ಕೆಲಸವಿರಲಿಲ್ಲ. ಕಾಡಿನಲ್ಲಿ ಯಾರನ್ನೂ ಬಾಯಿಬಿಟ್ಟು ಕರೆಯಬಾರದು ಎಂದು ಪಾಕ್ ಚಿಕ್ ಮೊದಲ ಸಲವೇ ಹೇಳಿದ್ದರು. ಕೂಗಿದರೆ ಬೇರೆ ಯಾರೋ ಕೇಳಿಸಿಕೊಳ್ಳುತ್ತಾರೆ, ಆಮೇಲೆ ನಿಮ್ಮ ದನಿಯಲ್ಲೇ ಅವರೂ ಕರೆಯುತ್ತಾರೆ ಎಂದು. ನಾನು ನಕ್ಕಿದ್ದೆ. ಆಪಾ ನಗಲಿಲ್ಲ. "ನನಗೂ ಇದರಾಗ ನಂಬಿಕಿ ಇಲ್ಲ. ಆದ್ರ ಇನ್ನೊಬ್ಬರ ಮನಿಗೆ ಬಂದೀವಿ. ಅವರ ರೀತಿಯೊಳಗ ಇರಬೇಕು."

ಹಾಗಾಗಿ ಸ್ಟೀಲಿನ ಮಗ್ಗುಗಳು ಬಂದವು. ಚಮಚದಿಂದ ಎರಡು ಸಲ ಬಡಿದರೆ ಎದ್ದೆ, ಚೆನ್ನಾಗಿದ್ದೇನೆ ಎಂದು. ಆ ಕಡೆಯಿಂದ ಎರಡು ಬಡಿತ ಬಂದರೆ ನಾನೂ ಹಾಗೆಯೇ ಎಂದು. ಟೆಂಟುಗಳನ್ನು ಅಕ್ಕಪಕ್ಕ ಹಾಕುವಂತಿರಲಿಲ್ಲ. ಒಂದೇ ಜಾಗ ತುಳಿದರೆ ಎಳೆಯ ಗಿಡಗಳು ಮತ್ತೆ ಏಳುವುದಿಲ್ಲ, ಆದ್ದರಿಂದ ಒಂದು ಕೂಗಳತೆ ದೂರ ಇರಬೇಕು. ಕೂಗುವಂತಿಲ್ಲ, ಅಳತೆ ಮಾತ್ರ ಕೂಗಿನದಾ ಎಂದು ನಾನು ರೇಗಿಸಿದರೆ, "ಟೇಪ್ ತಂದಿಲ್ಲಲಾ ನೀ" ಎನ್ನುತ್ತಿದ್ದರು. ಹೊರಡುವ ಹೊತ್ತಿಗೆ ಕುಕ್ಕರುಗಾಲಲ್ಲಿ ಕೂತು, ನಾನು ಮಲಗಿದ್ದ ನೆಲವನ್ನು ಅಂಗೈಯಗಲ ಅಂಗೈಯಗಲ ನೋಡುತ್ತಿದ್ದರು. ಒಮ್ಮೆ ಒಂದು ಅಕ್ಕಿಕಾಳು ಹೆಕ್ಕಿ ನನ್ನ ಮುಂದೆ ಹಿಡಿದು, "ರಿಜೆಕ್ಟ್" ಎಂದರು. ನಾನು ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕೆ.

ಕೊನೆಯ ಸಲ ಹೋದಾಗ ದಾರಿಯುದ್ದಕ್ಕೂ ತಲೆನೋವು ಎನ್ನುತ್ತಿದ್ದರು. ಟಾರ್ಪಾಲು ಕಟ್ಟುವಾಗ ಎಡಗೈಯಿಂದ ಹಗ್ಗ ಎರಡು ಸಲ ಜಾರಿತು. ಟೀ ಆರಿತು ಎಂದು ಸಿಡಿಮಿಡಿ ಬೇರೆ. ನನಗೇಕೋ ಸರಿಕಾಣದೆ ನನ್ನ ಟೆಂಟನ್ನು ಅವರ ಪಕ್ಕದಲ್ಲೇ ಹಾಕಿದೆ.

"ಇದೇನವಾ?" ಎಂದರು.

"ಇವತ್ತೊಂದು ದಿನ ಇಲ್ಲೇ ಇರ್ತೀನಿ ಆಪಾ. ನಿಮಗೆ ಹುಷಾರಿಲ್ಲ."

"ನನಗೇನಾಗೇತಿ? ಕಿತ್ತು ಅಲ್ಲಿ ಹಾಕು. ಕೂಗಳತಿಯೊಳಗ ಇರ್ತೀಯಲ್ಲ, ಸಾಕು."

ತುಂತುರು ಮಳೆಯಲ್ಲಿ ಕಿತ್ತು ಮತ್ತೆ ಹಾಕಿದೆ. ಸಿಟ್ಟು ಬಂದಿತ್ತು. ರಾತ್ರಿ ಊಟಕ್ಕೆ ಕರೆಯಲು ಅವರು ಮಗ್ಗು ಬಡಿದಾಗ ಬೇಕೆಂದೇ ತಡಮಾಡಿ ಹೋದೆ. ಅನ್ನ, ಉಪ್ಪುಮೀನು, ಬೆಳ್ಳುಳ್ಳಿ ಚಟ್ನಿಪುಡಿ. ತಿಂದು ನನ್ನ ಟೆಂಟಿಗೆ ಮರಳಿದೆ.

ಬೆಳಗ್ಗೆ ಎದ್ದು ಎರಡು ಸಲ ಬಡಿದೆ. ಉತ್ತರ ಬರಲಿಲ್ಲ. ನಮಾಜಿನಲ್ಲಿರಬೇಕು ಎಂದುಕೊಂಡೆ. ನಮಾಜು ಮುಗಿಯುವವರೆಗೆ ಅವರು ಉತ್ತರಿಸುತ್ತಿರಲಿಲ್ಲ, ಅದು ರೂಢಿ. ಒಲೆ ಹಚ್ಚಿ ಟೀ ಕಾಸಿದೆ. ಮತ್ತೆ ಬಡಿದೆ. ಇಲ್ಲ. ಈಗ ಅವರಿಗೆ ಸಿಟ್ಟು ಬಂದಿದೆ, ನಿನ್ನೆಯ ಲೆಕ್ಕ ತೀರಿಸುತ್ತಿದ್ದಾರೆ ಅನ್ನಿಸಿತು. ಇರಲಿ, ನನಗೂ ಬಿಗುಮಾನವಿದೆ. ಟೀ ಕುಡಿದೆ. ಬಿಸಿ ಇತ್ತು, ಊದಿ ಊದಿ ಕುಡಿದೆ. ಮಂಜು ಮರಗಳ ನಡುವೆ ಇಳಿಯುವುದನ್ನು ಫೋನಿನಲ್ಲಿ ತೆಗೆದೆ. ಇನ್ನೊಮ್ಮೆ ಬಡಿದೆ. ಒಂದು ಸಲ ಬಾಯಿಬಿಟ್ಟು ಕರೆಯಬಹುದಿತ್ತು. ಎದ್ದು ಹೋಗಿ ನೋಡಬಹುದಿತ್ತು. ಅರ್ಧ ಗಂಟೆಗಿಂತ ಹೆಚ್ಚೇ ಆಗಿರಬೇಕು... ನಾನು ಗಡಿಯಾರ ನೋಡಲಿಲ್ಲ. ಆಮೇಲೆ ಆ ಮಂಜಿನ ಫೋಟೋದಲ್ಲಿ ಸಮಯ ಇತ್ತು. ಅದನ್ನು ಅಳಿಸಿಬಿಟ್ಟೆ.

ಹೋಗಿ ನೋಡಿದಾಗ ಮಗ್ಗು ಟೆಂಟಿನ ಹೊರಗೆ, ಇಳಿಜಾರಿನ ಎಲೆಗಳ ಮೇಲೆ ಉರುಳಿ ಬಿದ್ದಿತ್ತು. ಆಪಾ ಎಡಮಗ್ಗುಲಿಗೆ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಚಮಚ ಬಲಗೈಯಲ್ಲಿ ಇತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡಿದರು. ಆಗ ಅವರ ಹೆಸರು ಹಿಡಿದು ಕಿರುಚಿದೆ, ಎಷ್ಟು ಸಲವೋ ಗೊತ್ತಿಲ್ಲ. ಪಾಕ್ ಚಿಕ್ ಕೆಳಗಿನಿಂದ ಓಡಿಬಂದರು. ಏಕೆ ಕೂಗಿದೆ ಎಂದು ಅವರು ಕೇಳಲಿಲ್ಲ. ಹಳ್ಳಿಗೆ ಇಳಿದು ಜನರನ್ನು ಕರೆತಂದರು. ಈ ಟಾರ್ಪಾಲನ್ನೇ ಎರಡು ಗಳಗಳಿಗೆ ಕಟ್ಟಿ, ಅದರಲ್ಲಿ ಆಪಾರನ್ನು ಮಲಗಿಸಿ ಹೊತ್ತು ತಂದೆವು.

ಆಸ್ಪತ್ರೆಯಲ್ಲಿ ಡಾಕ್ಟರು, ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾವಾಗ ನೋಡಿದಿರಿ ಎಂದು ಕೇಳಿದರು. ನಿನ್ನೆ ರಾತ್ರಿ ಊಟದ ಹೊತ್ತಿಗೆ ಎಂದೆ. ಅದು ನಿಜವೇ. ಅವರು ಬರೆದುಕೊಂಡು, ತಡವಾಗಿದೆ ಎಂದರು. ಆ ಅರ್ಧ ಗಂಟೆಯಿಂದ ಏನಾದರೂ ಬದಲಾಗುತ್ತಿತ್ತೇ ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದುಕೊಂಡೇ ದಿನಗಳು ಕಳೆದವು. ಮೂರು ವಾರ ಇದ್ದರು, ಮಾತು ಬರಲಿಲ್ಲ. ಇಲ್ಲಿಯೇ ಪೆನಾಂಗ್‌ನಲ್ಲಿ ಮಣ್ಣು ಮಾಡಿದರು. ನಾನು ಸೋಮವಾರ ಆಫೀಸಿಗೆ ಹೋದೆ. ಕೆಲಸ ಚೆನ್ನಾಗಿಯೇ ಮಾಡಿದೆ. ಸಂಜೆ ಮಾಮಕ್ ಅಂಗಡಿಯಿಂದ ರೋಟಿ ಕಟ್ಟಿಸಿಕೊಂಡು ಬಂದು ತಿಂದೆ. ಅಳು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದೆ...

ಮಗಳು ಈಗ ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದಾಳೆ. ಹೋದ ಶನಿವಾರ ಮನೆ ಖಾಲಿ ಮಾಡಲು ಬಂದಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಎಲ್ಲ ಮುಗಿಸಿ ಬಂದು ಈ ಚೀಲವನ್ನು ನನ್ನ ಕೈಗೆ ಕೊಟ್ಟಳು. "ಅಮ್ಮಿಸ್ ಕ್ಯಾಂಪಿಂಗ್ ಥಿಂಗ್. ಯು ಕೀಪ್ ಲಾ, ಆಂಟಿ."

"ಊಟ ಮಾಡ್ಕೊಂಡು ಹೋಗಮ್ಮ" ಎಂದೆ. ಬಸ್ಸಿಗೆ ಹೊತ್ತಾಯಿತು ಎಂದಳು. ಲಿಫ್ಟಿನ ಗುಂಡಿ ಒತ್ತಿದವಳು ಏನೋ ನೆನಪಾದಂತೆ ತಿರುಗಿದಳು.

"ಆಂಟಿ, ದಟ್ ಮಾರ್ನಿಂಗ್... ನೀವು ಕೂಡಲೇ ಹೋದ್ರಿ, ಅಲ್ವಾ?"

ಅಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು. ದಾರಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳೋ ಏನೋ.

"ಹೂಂ" ಎಂದೆ.

ಅವಳ ಮುಖ ಸಡಿಲವಾಯಿತು. "ಥ್ಯಾಂಕ್ ಯು, ಆಂಟಿ" ಎಂದಳು.

ಇವತ್ತು ಟಾರ್ಪಾಲನ್ನು ಸೋಪು ಹಾಕಿ ತಿಕ್ಕಿ ಬಾಲ್ಕನಿಯಲ್ಲಿ ಹರವಿದ್ದೇನೆ. ಹೊಗೆಯ ವಾಸನೆ ಹೋಯಿತು, ಹೊಗೆಸೊಪ್ಪಿನದೂ ಹೋಯಿತು. ಬೂಷ್ಟಿನ ಕಪ್ಪು ಚುಕ್ಕೆಗಳು ಹಾಗೇ ಇವೆ. ಆಪಾ ಇಲ್ಲ. ಎದುರು ಬಾಗಿಲಿಗೆ ಬೀಗ ಬಿದ್ದಿದೆ. ಅಲ್ಲಿಂದ ಲಿಫ್ಟಿಗೆ ಎಂಟು ಹೆಜ್ಜೆ. ಅವತ್ತು ಲಿಫ್ಟು ಬರುವುದು ತಡವಾಯಿತು. ಮಗಳು ನನಗೆ ಬೆನ್ನು ಹಾಕಿ, ಎರಡು ಚೀಲ ಹಿಡಿದುಕೊಂಡು ಕಾಯುತ್ತ ನಿಂತಿದ್ದಳು. ಇಲ್ಲಿ ಕೂಗಬಾರದೆಂದು ಯಾರೂ ಹೇಳಿರಲಿಲ್ಲ. ಮೆಲ್ಲಗೆ ಕರೆದಿದ್ದರೂ ಅವಳಿಗೆ ಕೇಳಿಸುತ್ತಿತ್ತು. ಬಾಗಿಲು ತೆರೆಯಿತು, ಅವಳು ಒಳಗೆ ಹೋದಳು, ಮುಚ್ಚಿತು. ನಾನು ಕರೆಯಲಿಲ್ಲ.