ಸರ್ವೆ ನಂಬರ್ ನಲವತ್ತೊಂದರ ನೀರು

ಅಂದು ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ಕಾಯಿಸಿದೆ. ಗಂಡನ ಡಬ್ಬಿಗೆ ಚಪಾತಿ, ಮಗಳ ಡಬ್ಬಿಗೆ ಚಿತ್ರಾನ್ನ. ಆರು ಮುಕ್ಕಾಲಿಗೆ ಗಂಡನ ಕಂಪನಿ ಬಸ್ಸು, ಎಂಟಕ್ಕೆ ಮಗಳ ಶಾಲೆಯ ವ್ಯಾನು. ಇಬ್ಬರೂ ಹೋದ ಮೇಲೆ ಊಟದ ಮೇಜನ್ನು ಎರಡು ಸಲ ಒರೆಸಿ, ಅದು ಒಣಗಿದ ಮೇಲೆ ಕಂಪ್ಯೂಟರಿಗೆ ಹೊದಿಸಿದ್ದ ಕಸೂತಿ ಬಟ್ಟೆ ತೆಗೆದೆ. ಆ ಬಟ್ಟೆ ತೆಗೆದರೆ ನನ್ನ ಕಚೇರಿ ತೆರೆಯಿತೆಂದು ಅರ್ಥ.

2009ರ ಬೇಸಿಗೆಯ ಆರಂಭ ಅದು. ಜಿಗಣಿಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಂತಿದ್ದ ಹಳ್ಳಿಯೊಂದರಲ್ಲಿ ನಾವು ಬಾಡಿಗೆಗಿದ್ದೆವು. ನಾನು ಗೃಹಿಣಿ, ಜೊತೆಗೆ ರೈತರ ಪಕ್ಷವೊಂದರ ತಾಲ್ಲೂಕು ಅಧ್ಯಕ್ಷರಾದ ಪಿಳ್ಳೇಗೌಡರ ಪತ್ರಗಳನ್ನು ಬರೆದುಕೊಡುತ್ತಿದ್ದೆ. ಪಕ್ಷದ ಯಾವ ಪಟ್ಟಿಯಲ್ಲೂ ನನ್ನ ಹೆಸರಿರಲಿಲ್ಲ. ಆದರೂ ಅದನ್ನು ಉದ್ಯೋಗವೆಂದೇ ಕರೆಯುತ್ತೇನೆ, ಏಕೆಂದರೆ ಒಂಬತ್ತು ವರ್ಷ ಒಂದು ದಿನವೂ ತಡವಾಗಿ ಕೆಲಸಕ್ಕೆ ಕುಳಿತಿಲ್ಲ. ಓದಿದ್ದು ಕಾನ್ವೆಂಟಿನಲ್ಲಿ. ಅಂಚು ಬಿಟ್ಟು ಬರೆಯುವುದು, ತಲೆಬರಹದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುವುದು, ಪತ್ರ ಮಡಿಸುವಾಗ ಮೂಲೆಗೆ ಮೂಲೆ ಸೇರಿಸುವುದು ಇವೆಲ್ಲ ಸಿಸ್ಟರುಗಳು ಬೆರಳಿಗೆ ಹಿಡಿಸಿದ ಅಭ್ಯಾಸಗಳು. ಒಮ್ಮೆ ಗೌಡರು ಇಂಗ್ಲಿಷಿನಲ್ಲಿದ್ದ ನೋಟಿಸೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದರು. ಓದಿ ಹೇಳಿದೆ. ಉತ್ತರವನ್ನೂ ಬರೆದುಕೊಟ್ಟೆ. ಮರುದಿನ ಒಂದು ಚೀಲ ಅವರೆಕಾಯಿ ಬಂತು, ಅದರ ಹಿಂದೆಯೇ ಇನ್ನೊಂದು ನೋಟಿಸು.

ಗೌಡರು ಆಗ ಅರವತ್ತರ ಹತ್ತಿರದವರು. ಇಪ್ಪತ್ತೈದರ ಸುಮಾರಿಗೆ ಹೆಗಲಿಗೆ ಹಸಿರು ಟವೆಲ್ ಹಾಕಿಕೊಂಡು ಪಕ್ಷಕ್ಕೆ ಬಂದವರು. ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಮುಗಿಸಿ ಎರಡನೇ ಸಲ ತಾಲ್ಲೂಕು ಅಧ್ಯಕ್ಷರಾಗಿದ್ದರು. ಮುಂದಿನ ಚುನಾವಣೆಗೆ ವಿಧಾನಸಭೆಯ ಟಿಕೆಟ್ ಅವರಿಗೇ ಎಂಬ ಮಾತಿತ್ತು. ಪಕ್ಷದಲ್ಲಿ ಅವರಷ್ಟು ಮೆತ್ತಗಿನವರು ಇನ್ನೊಬ್ಬರಿರಲಿಲ್ಲ. ಯಾವ ಹೋರಾಟಕ್ಕೂ ಮೊದಲು ಪತ್ರ ಹೋಗಬೇಕು, ಯಾರ ವಿರುದ್ಧವೋ ಅವರಿಗೂ ಅದರ ಒಂದು ಪ್ರತಿ ಮುಟ್ಟಬೇಕು, ಮುಟ್ಟಿದ್ದಕ್ಕೆ ಸೀಲು ಬೀಳಬೇಕು, ಘೋಷಣೆಯಲ್ಲಿ ಯಾರ ಹೆಸರೂ ಬರಬಾರದು ಎಂಬುದು ಅವರ ಕಟ್ಟಳೆ. ಹುಡುಗರು ಬೆನ್ನ ಹಿಂದೆ ಅವರನ್ನು ಅರ್ಜಿ ಗೌಡರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಪ್ರಕರಣ ಶುರುವಾದದ್ದು ಮೂರು ತಿಂಗಳ ಹಿಂದೆ. ಕೆರೆಯ ಕೆಳಗೆ ಕೊತ್ತಂಬರಿ, ಹುರುಳಿಕಾಯಿ ಬೆಳೆಯುತ್ತಿದ್ದ ಮುನಿವೆಂಕಟಪ್ಪನವರ ಬೋರಿನ ನೀರು ಹಳದಿಗೆ ತಿರುಗಿತು. ಹಸು ಮೂಸಿ ಹಿಂದೆ ಸರಿಯಿತು, ಸೊಪ್ಪಿನ ಅಂಚು ಸುಟ್ಟಂತಾಯಿತು. ಕೆರೆಯ ಆಚೆ ಬಣ್ಣದ ಪುಡಿ ಮಾಡುವ ಕಾರ್ಖಾನೆಯಿತ್ತು. ಪಕ್ಷದ ಕಾರ್ಯದರ್ಶಿ ಗೋಪಾಲ ಬಿಸಿ ರಕ್ತದ ಮನುಷ್ಯ. ಮರುದಿನವೇ ಕಾರ್ಖಾನೆಯ ಗೇಟು ಬಂದ್ ಮಾಡೋಣವೆಂದ. ಗೌಡರು ತಡೆದರು. ಗೇಟು ಮುಚ್ಚಿದರೆ ಕೆಲಸ ತಪ್ಪುವುದು ರಾಯಚೂರು, ಕೊಪ್ಪಳದ ಕಡೆಯಿಂದ ಬಂದು ನಮ್ಮೂರಿನ ರೈತರ ರೂಮುಗಳಲ್ಲೇ ಬಾಡಿಗೆಗಿರುವವರಿಗೆ ಎಂದು ನೆನಪಿಸಿದರು. ಮೊದಲು ನೀರಿನ ಪರೀಕ್ಷೆಗೆ ಸರ್ಕಾರಕ್ಕೆ ಬರೆಯೋಣ, ವರದಿ ಕೈಗೆ ಬಂದರೆ ಕಾರ್ಖಾನೆಯವರಿಗೆ ಮಾತಾಡಲು ಬಾಯಿರುವುದಿಲ್ಲ ಎಂದರು. ಬಾಡಿಗೆ ರೂಮುಗಳು ಗೌಡರಿಗೂ ಇದ್ದವು. ಯಾರೋ ಅದನ್ನೆತ್ತಿ ಚುಚ್ಚಿದಾಗ ತುಂಬಿದ ಸಭೆಯಲ್ಲಿ ಮಾತು ಕೊಟ್ಟರು: ವರದಿ ರೈತರ ಪರ ಬಾರದಿದ್ದರೆ ಅವತ್ತೇ ಅಧ್ಯಕ್ಷ ಸ್ಥಾನ ಬಿಡುತ್ತೇನೆ.

ಪತ್ರ ಬರೆದವಳು ನಾನು. ‘ಕೆರೆ ಕೆಳಗಿನ ಮುನಿವೆಂಕಟಪ್ಪನ ಬೋರು’ ಎಂದು ಗೌಡರು ಕನ್ನಡದಲ್ಲಿ ಹೇಳಿದರು. ಇಂಗ್ಲಿಷಿಗೆ ತರುವಾಗ ನನಗೆ ಅದು ತೀರಾ ಸಡಿಲವೆನಿಸಿತು. ಮುನಿವೆಂಕಟಪ್ಪನವರ ಪಹಣಿಯ ನಕಲು ನನ್ನ ಫೈಲಿನಲ್ಲೇ ಇತ್ತು. ಪಹಣಿಯೆಂದರೆ ಯಾವ ಜಮೀನು ಯಾರ ಹೆಸರಿನಲ್ಲಿದೆಯೆಂದು ತೋರಿಸುವ ಕಂದಾಯದ ದಾಖಲೆ. ಅದರಲ್ಲಿದ್ದ ಸರ್ವೆ ನಂಬರ್ ನಲವತ್ತೊಂದನ್ನು ಎತ್ತಿ ಪತ್ರದಲ್ಲಿ ಕೂರಿಸಿದೆ. ಈಗ ಪತ್ರಕ್ಕೆ ಕಚೇರಿಯ ಕಳೆ ಬಂತೆಂದು ಸಂತೋಷಪಟ್ಟದ್ದೂ ನೆನಪಿದೆ. ಗೌಡರಿಗೆ ಇಂಗ್ಲಿಷ್ ಬಾರದು. ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿದರು.

ಅಂದು ಬೆಳಿಗ್ಗೆ ಒಂಬತ್ತಕ್ಕೆ ಅವರು ಎಂದಿನಂತೆ ಚಪ್ಪಲಿಯನ್ನು ಹೊಸ್ತಿಲಿನಾಚೆ ಜೋಡಿಸಿಟ್ಟು ಒಳಗೆ ಬಂದರು. ಕೈಯಲ್ಲಿ ಕಂದು ಲಕೋಟೆ. ಪರೀಕ್ಷೆಯ ವರದಿ ಬಂದಿತ್ತು. ಓದಿದೆ. ನೀರು ಶುದ್ಧವಾಗಿದೆ, ಬೇಸಾಯಕ್ಕೂ ಕುಡಿಯಲಿಕ್ಕೂ ಯೋಗ್ಯ ಎಂದಿತ್ತು. ಹೇಳಿದೆ. ಅವರು ಕಾಫಿ ಲೋಟವನ್ನು ಎತ್ತಲೂ ಇಲ್ಲ, ಕೆಳಗಿಡಲೂ ಇಲ್ಲ, ಹಿಡಿದೇ ಕುಳಿತಿದ್ದರು. ಕಚೇರಿಯಿಂದ ಸುದ್ದಿ ಆಗಲೇ ಗೋಪಾಲನಿಗೆ ಮುಟ್ಟಿತ್ತಂತೆ, ಅದು ನಿಜವೇ ಎಂದು ಓದಿಸಲು ಗೌಡರು ಬಂದಿದ್ದರು. ಮಧ್ಯಾಹ್ನ ಎರಡಕ್ಕೆ, ಶಿಫ್ಟು ಬದಲಾಗುವ ಹೊತ್ತಿಗೆ, ಗೇಟಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸುತ್ತಾರೆಂದೂ ಪೊಲೀಸರು ಸುಮ್ಮನಿರುವುದಿಲ್ಲವೆಂದೂ ಹೇಳಿದರು. ಆಮೇಲೆ ಮೆಲ್ಲಗೆ, ‘ರಾಜೀನಾಮೆ ಒಂದು ಬರ್ಕೊಡು ತಾಯಿ. ಇದನ್ನ ಕನ್ನಡದಾಗೇ ಬರಿ’ ಎಂದರು.

ಬರೆಯುವ ಮೊದಲು ವರದಿಯನ್ನು ಇನ್ನೊಮ್ಮೆ ಓದಿದೆ. ಯಾವ ಕಾಗದವನ್ನಾದರೂ ಎರಡು ಸಲ ಓದುವುದು ನನ್ನ ಅಭ್ಯಾಸ. ಕೊನೆಯ ಪುಟದಲ್ಲಿ, ನೀರು ತೆಗೆದ ಜಾಗದ ವಿವರಕ್ಕೆಂದು ಬಿಟ್ಟ ಕಿರಿದಾದ ಕಾಲಮಿನಲ್ಲಿ, ಬೋರಿನ ಪಕ್ಕ ದೊಡ್ಡ ಹುಣಸೆ ಮರವಿದೆ ಎಂದು ಕೈಬರಹದಲ್ಲಿತ್ತು. ಮುನಿವೆಂಕಟಪ್ಪನವರ ಹೆಂಡತಿ ಹಿಂದೊಮ್ಮೆ ನಮ್ಮ ಮನೆಗೆ ಬಂದಾಗ, ಹೊಲದಲ್ಲಿ ನೆರಳಿಗೆಂದು ಒಂದು ಗಿಡವೂ ಇಲ್ಲ, ಬುತ್ತಿ ಒಯ್ಯುವಾಗ ಕೊಡೆ ಹಿಡಿದೇ ಹೋಗುತ್ತೇನೆ ಎಂದು ನಕ್ಕಿದ್ದಳು.

ಅವರ ಬೋರಿನ ಹತ್ತಿರ ಹುಣಸೆ ಮರ ಇದೆಯೇ ಎಂದು ಗೌಡರನ್ನು ಕೇಳಿದೆ.

‘ಅವನ ಒಲದಾಗೆಲ್ಲೈತೆ? ಉಣಸೆ ಮರ ಇರೋದು ಅವನ ತಮ್ಮನ ಒಲದಾಗೆ. ಮ್ಯಾಲೆ, ರೋಡ್ ಮಗ್ಗುಲು.’

ಫೈಲು ತೆಗೆದೆ. ಪಹಣಿ ತೋರಿಸಿದೆ. ನಂಬರ್ ಓದಿ ಹೇಳುತ್ತಿದ್ದಂತೆ ಗೌಡರ ಮುಖದಲ್ಲಿ ವಿಷಯ ಬಿಡಿಸಿಕೊಂಡಿತು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹೊಲಗಳನ್ನು ಅದಲುಬದಲು ಮಾಡಿಕೊಂಡಿದ್ದರು. ತಮ್ಮನಿಗೆ ಮಂಡಿ ನೋವು, ರಸ್ತೆ ಪಕ್ಕದ್ದು ಅವನಿಗಿರಲೆಂದು ಅಣ್ಣ ತಾನೇ ಕೆರೆಯ ಕೆಳಗಿನದನ್ನು ತೆಗೆದುಕೊಂಡಿದ್ದ. ಎಲ್ಲವೂ ನಾಲ್ಕು ಜನ ಹಿರಿಯರೆದುರು, ಬಾಯಿಮಾತಿನಲ್ಲಿ. ದಾಖಲೆಗಳು ಇದ್ದ ಹಾಗೇ ಉಳಿದಿದ್ದವು, ರಸ್ತೆ ಪಕ್ಕದ ನಲವತ್ತೊಂದು ಇನ್ನೂ ಅಣ್ಣನ ಹೆಸರಿನಲ್ಲೇ ಇತ್ತು. ಊರಿಗೆಲ್ಲ ಗೊತ್ತಿದ್ದುದರಿಂದ ಅದನ್ನು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊರಗಿನವಳಾದ ನಾನು ಕೇಳಬೇಕಿತ್ತು. ಕೇಳಿರಲಿಲ್ಲ. ಪರೀಕ್ಷೆಗೆ ನೀರು ತೆಗೆಯಲು ಬಂದ ಸರ್ಕಾರದ ಎಂಜಿನಿಯರ್ ನಕ್ಷೆ ಹಿಡಿದು, ಪತ್ರದಲ್ಲಿದ್ದ ನಂಬರನ್ನು ಹುಡುಕಿಕೊಂಡು ನೇರವಾಗಿ ತಮ್ಮನ ಹೊಲಕ್ಕೆ ಹೋಗಿದ್ದರು. ತಮ್ಮನ ಹೆಂಡತಿ ಅವರನ್ನು ಕರೆಂಟಿನವರೆಂದು ತಿಳಿದು, ಮೀಟರ್ ಸರಿಯಿದೆಯೆಂದು ತೋರಿಸಲು ತಾನೇ ಮೋಟರ್ ಹಾಕಿ ನೀರು ಬಿಟ್ಟಿದ್ದಳಂತೆ. ಇದು ಆಮೇಲೆ ತಿಳಿದದ್ದು.

ತಪ್ಪು ನನ್ನದೆಂದು ಹೇಳಿದೆ. ಮೂವತ್ತೈದು ವರ್ಷದ ರಾಜಕೀಯ ಜೀವನ ನಾನು ಅಂದವಾಗಿ ಟೈಪು ಮಾಡಿದ ಒಂದು ಅಂಕಿಯಿಂದ ಮುಗಿಯುತ್ತಿತ್ತು. ಗೌಡರು ತಣ್ಣಗಾದ ಕಾಫಿಯನ್ನು ಒಂದೇ ಸಲಕ್ಕೆ ಕುಡಿದರು.

‘ನೀನು ಕೇಳ್ಬೇಕಿತ್ತು, ನಾನು ಏಳ್ಬೇಕಿತ್ತು. ಇಬ್ಬರೂ ಸುಮ್ನಿದ್ವಿ. ಏಳು, ಮೊದ್ಲು ಬೋರ್ ನೋಡ್ಕೊಂಡು ಬರಾಣ.’

ವರ್ಷಗಳಿಂದ ಹೊಲಗದ್ದೆಗಳ ಬಗ್ಗೆ ಬರೆಯುತ್ತಿದ್ದ ನಾನು ಹೊಲಕ್ಕೆ ಕಾಲಿಟ್ಟದ್ದು ಅಂದೇ ಮೊದಲು. ಚಪ್ಪಲಿ ಬದುವಿನಲ್ಲಿ ಹೂತುಹೋಯಿತು. ಬೋರಿನ ಪೈಪಿನ ಬಾಯಿಗೆ ಅರಿಸಿನದ ಬಣ್ಣದ ಕಿಟ್ಟ ಗಟ್ಟಿಯಾಗಿ ಹಿಡಿದಿತ್ತು, ಉಗುರಿನಲ್ಲಿ ಕೆರೆದರೆ ಪುಡಿಯಾಗುತ್ತಿತ್ತು. ಮನೆಗೆ ಬಂದು ಎರಡು ಕಾಗದ ಬರೆದೆ. ಒಂದು, ಸರಿಯಾದ ಜಾಗದ ಗುರುತು ಕೊಟ್ಟು ಮರುಪರೀಕ್ಷೆ ಕೋರಿದ ಪತ್ರ. ಇನ್ನೊಂದು ರಾಜೀನಾಮೆ. ತಪ್ಪು ಸಿಕ್ಕ ಮೇಲೂ ರಾಜೀನಾಮೆ ಏಕೆಂದು ಕೇಳಿದ್ದಕ್ಕೆ, ವರದಿ ನಮ್ಮ ಪರ ಬಾರದಿದ್ದರೆ ಬಿಡುತ್ತೇನೆಂದಿದ್ದೆ, ಏಕೆ ಬರಲಿಲ್ಲವೆಂದು ನೋಡಿ ಬಿಡುತ್ತೇನೆ ಎಂದಿರಲಿಲ್ಲ ಎಂದರು.

ಎರಡಕ್ಕೆ ಗೇಟಿನ ಬಳಿ ಹೋದಾಗ ಟ್ರ್ಯಾಕ್ಟರ್ ಅಡ್ಡ ನಿಂತಾಗಿತ್ತು. ಒಳಗೆ ಕೆಲಸ ಮುಗಿಸಿದವರು, ಹೊರಗೆ ಡಬ್ಬಿ ಹಿಡಿದು ಬಂದವರು, ನಡುವೆ ನಮ್ಮವರು ಐವತ್ತು ಅರವತ್ತು ಜನ. ಒಂದು ಪೊಲೀಸ್ ಜೀಪು. ಟ್ರ್ಯಾಕ್ಟರ್ ಮೇಲೆ ನಿಂತಿದ್ದ ಗೋಪಾಲ ನಮ್ಮನ್ನು ಕಂಡೊಡನೆ ಕೈಮುಗಿದ.

‘ಬನ್ನಿ ಅಧ್ಯಕ್ಷ್ರೇ. ಮುನಿವೆಂಕಟಪ್ಪನ ಬೋರಲ್ಲಿ ತೀರ್ಥ ಬರ್ತಿದೆಯಂತೆ? ಬಾಟ್ಲಿ ತಂದಿದ್ದೀರಾ?’

ಜನ ನಕ್ಕರು. ಗೌಡರು ಎಂಜಿನ್ ಆರಿಸಲು ಹೇಳಿ, ಅದು ಆರುವವರೆಗೆ ಕಾದರು. ನಾನೇ ಹೇಳಿಬಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಅವರು ನನ್ನತ್ತ ತಿರುಗದೆಯೇ ಅಂಗೈಯನ್ನು ಸ್ವಲ್ಪ ಕೆಳಗೆ ತಗ್ಗಿಸಿದರು, ಮಗುವಿಗೆ ಕೂತಿರು ಎನ್ನುವ ಹಾಗೆ.

‘ಕಾಗದದಾಗೆ ಸರ್ವೆ ನಂಬರ್ ತಪ್ಪಾಗೈತೆ. ಸಹಿ ನಂದು, ತಪ್ಪು ನಂದು. ಕೆಟ್ಟಿರೋ ನೀರು ಅವರು ನೋಡೇ ಇಲ್ಲ. ಆಫೀಸರ್ ಏನೂ ತಿಂದಿಲ್ಲ, ಸುಮ್ನೆ ಅವರ ಮೇಲೆ ಆಕ್ಬೇಡಿ’ ಎಂದರು. ಜೇಬಿನಿಂದ ರಾಜೀನಾಮೆ ತೆಗೆದು ಗೋಪಾಲನ ಕೈಗೆ ಕೊಟ್ಟರು.

ಗೋಪಾಲ ಅದನ್ನು ಓದಿದ. ಈ ಬೆಳವಣಿಗೆಯನ್ನು ಅವನು ನಿರೀಕ್ಷಿಸಿರಲಿಲ್ಲ. ‘ನೀವು ಕುರ್ಚಿ ಬಿಟ್ರೆ ನೀರು ಸರಿಹೋಗುತ್ತಾ ಗೌಡ್ರೇ?’ ಎಂದ. ಧ್ವನಿಯಲ್ಲಿ ಮೊದಲಿನ ಮೊನಚು ಇರಲಿಲ್ಲ.

‘ಇಲ್ಲ ಕಣಪ್ಪಾ. ಅದಕ್ಕೇ ಇವತ್ತೇ ಎಂಜಿನಿಯರ್ ಸಾಹೇಬ್ರನ್ನ ಕರೆಸಾಣ, ಬಾಟ್ಲಿ ನೀನೇ ಇಡ್ಕೋ. ಈ ಜನ ಒಳೀಕ್ ಓಗ್ಲಿ. ಶಿಫ್ಟು ಮುಗಿದ್ರೆ ಇವರೂ ನಮ್ಮನೆ ಮೆಟ್ಲೇ ಅತ್ಬೇಕು.’

ಆಮೇಲೆ ಟ್ರ್ಯಾಕ್ಟರಿನ ಮಾಲೀಕ, ಯಾರು ಹೇಳುವುದಕ್ಕೂ ಕಾಯದೆ, ಹತ್ತಿ ಕುಳಿತು ಅದನ್ನು ಹಿಂದಕ್ಕೆ ತೆಗೆದ. ಶಿಫ್ಟು ಅರ್ಧ ಗಂಟೆ ತಡವಾಗಿ ಬದಲಾಯಿತು. ಪೊಲೀಸ್ ಇನ್‌ಸ್ಪೆಕ್ಟರ್ ತಮ್ಮ ಫೋನಿನಿಂದಲೇ ಗೌಡರನ್ನು ಎಂಜಿನಿಯರ್ ಜೊತೆ ಮಾತಾಡಿಸಿದರು. ಅವರು ನಾಲ್ಕಕ್ಕೆ ಬಂದರು. ಕಾರ್ಖಾನೆಯ ಮ್ಯಾನೇಜರನ್ನೂ ಗೌಡರು ಕರೆಸಿದ್ದರು. ಗೋಪಾಲ ಮಂಡಿಯೂರಿ ಬಾಟಲಿ ಹಿಡಿದ. ಸೀಲಿನ ಮೇಲೆ ಮೂರೂ ಕಡೆಯವರ ಸಹಿ ಬಿತ್ತು. ರೈತರ ಕಡೆಯಿಂದ ಸಹಿ ಹಾಕಿದವನು ಗೋಪಾಲ. ಗೌಡರು ಬದುವಿನ ಮೇಲೆ ದೂರ ನಿಂತಿದ್ದರು.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡನೆಯ ವರದಿಯಲ್ಲಿ ನೀರು ಕೆಟ್ಟಿರುವುದು ಸ್ಪಷ್ಟವಾಗಿತ್ತು. ಕಾರ್ಖಾನೆಯವರು ಕೆರೆಗೆ ಬಿಡುತ್ತಿದ್ದ ಕೊಳವೆಯನ್ನು ಮುಚ್ಚಿ, ಕೊಳೆನೀರು ಶುದ್ಧ ಮಾಡುವ ಘಟಕ ಕಟ್ಟಿದರು. ಮುನಿವೆಂಕಟಪ್ಪನವರಿಗೆ ಬೇರೆ ಕಡೆ ಬೋರು ಕೊರೆಸಿಕೊಟ್ಟರು. ಪಕ್ಷದವರು ರಾಜೀನಾಮೆ ಹಿಂತೆಗೆದುಕೊಳ್ಳಿ ಎಂದರೂ ಗೌಡರು ಒಪ್ಪಲಿಲ್ಲ. ಟಿಕೆಟಿನ ಮಾತು ಅಲ್ಲಿಗೇ ನಿಂತಿತು, ಅವರು ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ಅಧ್ಯಕ್ಷನಾದದ್ದು ಗೋಪಾಲ. ಮೊದಲ ಸಲ ಪತ್ರ ಬರೆಸಲು ನಮ್ಮ ಊಟದ ಮೇಜಿಗೆ ಬಂದವನು ಕುಳಿತುಕೊಳ್ಳಲಿಲ್ಲ. ‘ನಡೀರಿ ಮೇಡಂ, ಜಾಗ ನೋಡ್ಕೊಂಡು ಬರೋಣ’ ಎಂದ. ಅವನಿಗೆ ನಿಜ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಅಂದಿನಿಂದ ಕಣ್ಣಾರೆ ನೋಡದ ಜಾಗದ ಬಗ್ಗೆ ಒಂದು ಸಾಲನ್ನೂ ನಾನು ಬರೆದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆದರೆ ಕಲಿಕೆಯ ಬೆಲೆ ತೆತ್ತವರು ಬೇರೆಯವರು, ಅದೂ ಒಂದು ಬಿರುಮಾತಿಲ್ಲದೆ. ಗೌಡರು ಈಗಿಲ್ಲ. ಬೆಳಿಗ್ಗೆ ಒಂಬತ್ತಾದರೆ ಕೈ ತಾನಾಗಿ ಕಾಫಿಗೆ ಇನ್ನೊಂದು ಲೋಟ ತೆಗೆಯುತ್ತದೆ.

ಅಂದು ಸಂಜೆ ಆರರ ಹೊತ್ತಿಗೆ ನಾನು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಉಟ್ಟಿದ್ದ ಸೀರೆಯ ಅಂಚಿನಲ್ಲಿ ಹೊಲದ ಮಣ್ಣು ಇನ್ನೂ ಇತ್ತು. ಪಕ್ಕದ ಕಟ್ಟಡದ ರೂಮಿನಲ್ಲಿದ್ದ ಶಾಂತವ್ವ ತಮ್ಮ ಮಹಡಿಯಲ್ಲಿ ಹಪ್ಪಳ ಎತ್ತುತ್ತಿದ್ದಳು. ಅವಳ ಊರು ಲಿಂಗಸುಗೂರಿನ ಹತ್ತಿರ, ಗಂಡ ಅದೇ ಕಾರ್ಖಾನೆಯಲ್ಲಿ ಮಧ್ಯಾಹ್ನದ ಶಿಫ್ಟಿನವನು. ಗೇಟಿನಲ್ಲಿ ನಡೆದದ್ದನ್ನೆಲ್ಲ ಅವನು ಫೋನಿನಲ್ಲಿ ಹೇಳಿದ್ದನಂತೆ. ಕೈಯಲ್ಲಿದ್ದ ಹಪ್ಪಳವನ್ನು ಬೆಳಕಿಗೆ ಹಿಡಿದು ಒಣಗಿದೆಯೇ ಎಂದು ನೋಡುತ್ತ, ಅಡ್ಡಗೋಡೆಯ ಆಚೆಯಿಂದ ಅವಳು ಹೇಳಿದಳು:

‘ಗೌಡ್ರು ಕಾಗದ ತಪ್ಪ ಬರ್ದಿದ್ರಂತ ನೋಡ್ರಿ ಅಕ್ಕಾರ. ಪಾಪ, ಓದಿದಾಂವಲ್ಲ. ನಿಮ್ಮಂಥವ್ರು ಇಲ್ಲೇ ಮಗ್ಗಲದಾಗ ಇದ್ರಿ, ನಿಮ್ಮ ಕಡೀಂದ ಬರಸಬಾರದಿತ್ತೇನ್ರಿ?’